ಕೆಂಪು ನೀರಿನ ನಗೆ

ಹಿಂದಿನ ಬೇಸಗೆಯಲ್ಲಿ ನಾಲ್ಕು ದಿನದ ಮಟ್ಟಿಗೆ ರಾಯಚೂರಿನಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಆ ಊರಿನ ಬೇಸಗೆಯ ವಿಚಾರ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ರಾತ್ರಿ ಹತ್ತು ಹೊಡೆದರೂ ಗೋಡೆಗಳು ಹಗಲೆಲ್ಲ ನುಂಗಿದ ಬಿಸಿಲನ್ನು ಉಗುಳುತ್ತಲೇ ಇರುತ್ತವೆ. ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ನಿದ್ದೆಯ ದಾರಿ ಕಾಯುತ್ತಿದ್ದಾಗ, ಇಂಜಿನಿಯರಿಂಗ್ ಓದುತ್ತಿರುವ ಸೋದರಳಿಯ ತನ್ನ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದು ಪಕ್ಕದಲ್ಲಿ ಕುಳಿತ. "ಮಾಮಾ, ಒಂದು ಪಿಚ್ಚರ್ ತೋರಸ್ತೀನಿ. ಅಂಜಬ್ಯಾಡ್ರಿ, ಇದು ನಗೂ ಪಿಚ್ಚರ್" ಎಂದ.

ಅದು 1987ರಲ್ಲಿ ಅಮೆರಿಕದ ಸ್ಯಾಮ್ ರೈಮಿ ತೆಗೆದ 'ಈವಿಲ್ ಡೆಡ್' ಚಿತ್ರದ ಎರಡನೆಯ ಭಾಗ. ಕಾಡಿನ ನಡುವೆ ಒಂದು ಮರದ ಮನೆ. ಅದರಲ್ಲಿ ಸಿಕ್ಕಿಕೊಂಡ ಒಬ್ಬ ತರುಣ. ದೆವ್ವ ಅವನ ಬಲಗೈಯನ್ನು ಹೊಗುತ್ತದೆ. ಅವನ ಕೈಯೇ ಅವನ ತಲೆಯ ಮೇಲೆ ತಟ್ಟೆಗಳನ್ನು ಒಡೆಯುತ್ತದೆ, ಕೂದಲು ಹಿಡಿದು ಎಳೆದಾಡುತ್ತದೆ. ಬೇರೆ ದಾರಿ ಕಾಣದೆ ಅವನು ಮರ ಕೊಯ್ಯುವ ಯಂತ್ರದಿಂದ ತನ್ನ ಕೈಯನ್ನು ತಾನೇ ಕತ್ತರಿಸಿ, ಅದು ಓಡಿಹೋಗದಂತೆ ಮೇಲೆ ಬಕೆಟ್ ಬೋರಲು ಹಾಕಿ, ಬಕೆಟ್ಟಿನ ಮೇಲೆ ಪುಸ್ತಕಗಳ ಭಾರ ಹೇರುತ್ತಾನೆ. ಎಲ್ಲಕ್ಕೂ ಮೇಲಿನದು ಹೆಮಿಂಗ್ವೇಯ 'ಎ ಫೇರ್‌ವೆಲ್ ಟು ಆರ್ಮ್ಸ್'. ಆಯುಧಗಳಿಗೆ ವಿದಾಯ ಹೇಳುವ ಕಾದಂಬರಿ ಅದು; ಇಂಗ್ಲಿಷಿನಲ್ಲಿ ಆಯುಧಕ್ಕೂ ತೋಳಿಗೂ ಶಬ್ದ ಒಂದೇ!

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಕೆಳಗಿನಿಂದ ತಂಗಿ "ಏನಾತು, ಅಣ್ಣಾ?" ಎಂದು ಕೂಗಿದಳು. ಒಬ್ಬ ಮನುಷ್ಯನ ಕೈ ಕತ್ತರಿಸಿಹೋಯಿತು, ಅದಕ್ಕೆ ನಗುತ್ತಿದ್ದೇನೆ ಎಂದು ಹೇಳುವುದಕ್ಕೆ ನಾಲಿಗೆ ಬರಲಿಲ್ಲ.

ಸದಭಿರುಚಿ ಎಂಬ ಮಾತನ್ನು ಬರಹದಲ್ಲಿಯೂ ಭಾಷಣದಲ್ಲಿಯೂ ಧಾರಾಳವಾಗಿ ಬಳಸಿದವನು ನಾನು. ಅಂಥವನಿಗೆ ಈ ನಗೆ ಎಲ್ಲಿಂದ ಬಂದಿತು? ಮನಸ್ಸಿನ ಯಾವುದೋ ಒರಟು ಮೂಲೆಯಿಂದಲೇ? ಹಾಗಿದ್ದರೆ ಅದನ್ನು ಅದುಮಿಡುವುದೇ ಲೇಸು. ಅಥವಾ ಅದಕ್ಕೆ ಒಳ್ಳೆಯ ಮೂಲವೊಂದು ಉಂಟೇ? ಉಂಟೆಂದಾದರೆ ಇಷ್ಟು ದಿನ ಇಂಥ ಚಿತ್ರಗಳನ್ನು ಕಾಣದೆಯೇ ಹಳಿದದ್ದು ನನ್ನ ತಪ್ಪು. ಈ ಲೇಖನ ಆ ಲೆಕ್ಕವನ್ನು ತೀರಿಸುವ ಪ್ರಯತ್ನ.

ಮೊದಲು ಈ ಜಾತಿಯ ಚಿತ್ರಗಳ ಪರಿಚಯವನ್ನಿಷ್ಟು ಮಾಡಿಕೊಡಬೇಕು. ಭಯದ ಜೊತೆಗೆ ಹಾಸ್ಯ, ಹಾಸ್ಯದ ಜೊತೆಗೆ ಮಿತಿಮೀರಿದ ರಕ್ತ, ಇವೆಲ್ಲಕ್ಕೂ ತಳದಲ್ಲಿ ಬಡತನ: ಇದು ಅವುಗಳ ಲಕ್ಷಣ. ಪ್ಯಾರಿಸ್ಸಿನಲ್ಲಿ 1897ರಿಂದ 1962ರವರೆಗೆ ನಡೆದ 'ಗ್ರಾಂ ಗಿನ್ಯೋಲ್' ಎಂಬ ಚಿಕ್ಕ ನಾಟಕಶಾಲೆಯಲ್ಲಿ ಒಂದೇ ರಾತ್ರಿ ಭಯಂಕರ ನಾಟಕವೊಂದು, ಪ್ರಹಸನವೊಂದು, ಮತ್ತೆ ಭಯಂಕರವೊಂದು ಹೀಗೆ ಸರದಿಯಾಗಿ ಆಡುತ್ತಿದ್ದರು. ಅದು ಬಾಗಿಲು ಹಾಕಿದ ಮರುವರ್ಷವೇ, 1963ರಲ್ಲಿ, ಅಮೆರಿಕದ ಹರ್ಷೆಲ್ ಗಾರ್ಡನ್ ಲೂಯಿಸ್ 25 ಸಾವಿರ ಡಾಲರಿನೊಳಗೆ 'ಬ್ಲಡ್ ಫೀಸ್ಟ್' ಎಂಬ ಬಣ್ಣದ ಚಿತ್ರ ತೆಗೆದು ತೆರೆಯ ಮೇಲೆ ರಕ್ತದ ಹೊಳೆ ಹರಿಸಿದ. 1981ರಲ್ಲಿ ಬಂದ ಮೊದಲನೆಯ 'ಈವಿಲ್ ಡೆಡ್' ತಗುಲಿದ್ದು ಸುಮಾರು ಮೂರು ಮುಕ್ಕಾಲು ಲಕ್ಷ ಡಾಲರು; ಹಾಲಿವುಡ್ಡಿನ ಲೆಕ್ಕದಲ್ಲಿ ಚಿಲ್ಲರೆ ಕಾಸು. ಅದರ ರಕ್ತ ಮೆಕ್ಕೆಜೋಳದ ಸಕ್ಕರೆಪಾಕಕ್ಕೆ ಬಣ್ಣ ಕಲಸಿ ಮಾಡಿದ್ದು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 1987ರ ತನ್ನ ಮೊದಲ ಚಿತ್ರ 'ಬ್ಯಾಡ್ ಟೇಸ್ಟ್' ಅನ್ನು ಗೆಳೆಯರನ್ನು ಕಟ್ಟಿಕೊಂಡು ರಜೆಯ ದಿನಗಳಲ್ಲಿ ನಾಲ್ಕು ವರ್ಷ ಚಿತ್ರಿಸಿದ. ರಾಕ್ಷಸರ ಮುಖವಾಡಗಳನ್ನು ಬೇಯಿಸಿದ್ದು ತಾಯಿಯ ಅಡುಗೆಮನೆಯ ಒಲೆಯಲ್ಲಿ. ಆ ಚಿತ್ರದ ಹೆಸರಿಗೇ 'ಕೆಟ್ಟ ಅಭಿರುಚಿ' ಎಂದು ಅರ್ಥ. ವಿಮರ್ಶಕನು ಬೈಯುವುದಕ್ಕೆ ಏನನ್ನೂ ಉಳಿಸಿಲ್ಲ! ಅದೇ ಮನುಷ್ಯ ಮುಂದೆ 'ಲಾರ್ಡ್ ಆಫ್ ದಿ ರಿಂಗ್ಸ್' ತೆಗೆದು 2004ರಲ್ಲಿ ಒಂದೇ ಚಿತ್ರಕ್ಕೆ 11 ಆಸ್ಕರ್ ಪಡೆದದ್ದು ಬೇರೆಯ ಕತೆ.

ಇವೆಲ್ಲ ಪರದೇಶದ ಮಾತು, ನಮಗೇನು ಸಂಬಂಧ ಎಂದು ಓದುಗರು ಕೇಳಬಹುದು. ಆ ರಾತ್ರಿ ಮಾಳಿಗೆಯ ಮೇಲೆ ನಗು ಅಡಗಿದ ಮೇಲೆ ನನಗೆ ಹೊಳೆದ ಸಂಗತಿಯೆಂದರೆ, ಈ ನಗೆಯನ್ನು ನಾನು ಮೊದಲು ನಕ್ಕದ್ದು ಅಲ್ಲಿಂದ ಬಹುದೂರವಲ್ಲದ ಒಂದು ಹಳ್ಳಿಯಲ್ಲಿ, ಸುಮಾರು ಐವತ್ತು ವರ್ಷಗಳ ಹಿಂದೆ.

ದೇವದುರ್ಗದಿಂದ ಮಾನ್ವಿಯ ಕಡೆಗೆ ಹೋಗುವ ಸೀಮೆಯಲ್ಲಿ ನನ್ನ ತಾಯಿಯ ತವರೂರು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ಎಡೆದೊರೆ ನಾಡು ದಾಸರ ನಾಡು; ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ದೇವದುರ್ಗ ತಾಲೂಕಿನಲ್ಲಿದೆ, ಜಗನ್ನಾಥದಾಸರು ಬಾಳಿದ್ದು ಮಾನ್ವಿಯಲ್ಲಿ. ಬೆಳಗಿನ ಜಾವ ದಾಸರ ಪದ ಕೇಳಿಬರುವ ಆ ಮನೆಗಳ ಜನವೇ ಸುಗ್ಗಿ ಮುಗಿದ ಮೇಲೆ ರಾತ್ರಿಯಿಡೀ ಬಯಲಾಟದ ಅಟ್ಟದ ಮುಂದೆ ಕುಳಿತಿರುತ್ತಿದ್ದರು. ಆ ವರ್ಷ ದುಶ್ಶಾಸನನ ವಧೆಯ ಪ್ರಸಂಗ. ದುಶ್ಶಾಸನನ ಪಾತ್ರ ಊರ ಸಿಂಪಿಗನದು. ಭೀಮ ಅವನಿಗಿಂತ ವಯಸ್ಸಿನಲ್ಲಿ ಹಿರಿಯನಾದ ಒಬ್ಬ ರೈತ. ಬೆಳಗಾಗಲು ಇನ್ನೂ ಎರಡು ತಾಸು ಇರುವಾಗ ಭೀಮ ಅವನನ್ನು ಕೆಡವಿ ಎದೆಯ ಮೇಲೆ ಕುಳಿತ. ಮದ್ದಲೆ ಮೊಳಗಿತು. ಕುಂಕುಮದ ನೀರು ತುಂಬಿದ ಚೀಲ ಒಡೆದು ಅಟ್ಟವೆಲ್ಲ ಕೆಂಪಾಯಿತು. ಭೀಮ ಕೈಹಾಕಿ ಕರುಳನ್ನು ಎಳೆಯತೊಡಗಿದ. ಕರುಳೆಂದರೆ ಹೊಸೆದು ಸುತ್ತಿ ಹೊಟ್ಟೆಗೆ ಕಟ್ಟಿದ್ದ ಒಂದು ಸೀರೆ. ಎಳೆದಷ್ಟೂ ಬಂತು. ಹತ್ತು ಮೊಳ ಬಂದ ಮೇಲೆ ಎಲ್ಲಿಯೋ ಸಿಕ್ಕಿಕೊಂಡಿತು. ಭೀಮ ಆವೇಶದಿಂದ ಜಗ್ಗಿದ. ಸತ್ತು ಬಿದ್ದಿದ್ದ ದುಶ್ಶಾಸನ ಆಗ ತಲೆಯೆತ್ತಿ, "ಅಣ್ಣಾ, ಮೆಲ್ಲಕ ಜಗ್ಗಪಾ. ಸೀರಿ ನಮ್ಮಾಕಿದು ಐತಿ, ಹರಿದ್ರ ಮನ್ಯಾಗ ನನ್ನ ಕೊಂದ್ಹಾಕ್ತಾಳ" ಎಂದ.

ಊರಿಗೆ ಊರೇ ನಕ್ಕಿತು. ಹೆಂಗಸರ ನಡುವೆ ಕುಳಿತಿದ್ದ ಅವನ ಹೆಂಡತಿ, "ಹರೀಲಿ, ನೋಡ್ತೀನಿ" ಎಂದು ಕೂಗಿದಳು. ಮತ್ತೊಂದು ಅಲೆ ನಗೆ. ಆಟದ ಸಾರಥಿ ಅದನ್ನೇ ಹಿಡಿದು ನಾಲ್ಕು ಮಾತು ಬೆಳೆಸಿದ. ಆ ಗದ್ದಲ ಇನ್ನೂ ಅಡಗಿರಲಿಲ್ಲ, ಅಷ್ಟರಲ್ಲಿ ದ್ರೌಪದಿ ಬಂದಳು; ಅಂದರೆ ಮೀಸೆ ಬೋಳಿಸಿಕೊಂಡ ಒಬ್ಬ ಹುಡುಗ. ಕೂದಲು ಬಿಚ್ಚಿ ಹರಡಿತ್ತು. ಭೀಮ ಆ ಕೆಂಪು ನೀರಿನಲ್ಲಿ ಕೈ ಅದ್ದಿ ಅವಳ ಮುಡಿಗೆ ಹಚ್ಚಿದ. ಮದ್ದಲೆ ನಿಂತಿತು. ಒಂದು ಕೂಸು ಅತ್ತದ್ದು ಬಿಟ್ಟರೆ ಆ ಬಯಲಿನಲ್ಲಿ ಸದ್ದಿರಲಿಲ್ಲ. ನನ್ನ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಗಳಿಗೆಯ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕವಳೂ ಅವಳೇ.

ನಗೆ ಆ ಮೌನವನ್ನು ಕೆಡಿಸಲಿಲ್ಲ. ಅದಕ್ಕೆ ದಾರಿ ಬಿಡಿಸಿಕೊಟ್ಟಿತು. ನಾನು ಹೇಳಬೇಕೆಂದಿರುವ ವಿಚಾರದ ಬೇರು ಇಲ್ಲಿದೆ.

ಶಾಸ್ತ್ರ ತಿಳಿದವರು ಈ ಮಾತಿಗೆ ತಲೆಯಾಡಿಸಲಾರರು. ಭರತಮುನಿ ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದ. ಬೀಭತ್ಸದಿಂದ ಹುಟ್ಟುವುದು ಭಯಾನಕ ಎಂದ. ಬೀಭತ್ಸಕ್ಕೂ ಹಾಸ್ಯಕ್ಕೂ ಅವನು ನಂಟು ಕಲ್ಪಿಸಲಿಲ್ಲ. ಅಲ್ಲದೆ ಯುದ್ಧ, ಮರಣಗಳನ್ನು ರಂಗದ ಮೇಲೆ ಪ್ರತ್ಯಕ್ಷ ತೋರಿಸಬಾರದು, ಪ್ರವೇಶಕದ ಮೂಲಕ ಸೂಚಿಸಬೇಕು ಎಂದೂ ವಿಧಿಸಿದ. ಆದರೆ ಕವಿಗಳು ಶಾಸ್ತ್ರದ ಬಾಗಿಲು ಮುಚ್ಚಿದ್ದರೆ ಕಿಟಕಿಯಿಂದ ಬರುವ ಜನ. ಭಟ್ಟನಾರಾಯಣನ 'ವೇಣೀಸಂಹಾರ'ದ ಮೂರನೆಯ ಅಂಕದ ಪ್ರವೇಶಕದಲ್ಲಿ ಬರುವವರು ರುಧಿರಪ್ರಿಯ, ವಸಾಗಂಧೆ ಎಂಬ ರಾಕ್ಷಸ ದಂಪತಿಗಳು. ಕುರುಕ್ಷೇತ್ರದಲ್ಲಿ ಹೆಣಗಳ ರಾಶಿ. ಆ ಗೃಹಿಣಿಗೆ ಮುಂದಿನ ದಿನಗಳಿಗಾಗಿ ಮಾಂಸವನ್ನೂ ರಕ್ತವನ್ನೂ ಕೂಡಿಡುವ ಚಿಂತೆ. ದಣಿದು ಬಂದ ಗಂಡನಿಗೆ ಅವಳ ಉಪಚಾರ. ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆ ಮಾಡಿಡುವ ನಮ್ಮ ಮನೆಗಳ ಮಾತೇ ಅದು. ಯಾವ ಪ್ರವೇಶಕವು ರಂಗವನ್ನು ರಕ್ತದಿಂದ ಕಾಪಾಡಬೇಕಾಗಿತ್ತೋ ಅದರಲ್ಲಿಯೇ ಕವಿ ರಕ್ತವನ್ನೂ ನಗೆಯನ್ನೂ ಒಟ್ಟಿಗೆ ಒಳಗೆ ಬಿಟ್ಟ!

ನಮ್ಮ ರನ್ನ ಇನ್ನೂ ಒಂದು ಹೆಜ್ಜೆ ಮುಂದೆ ಹೋದವನು. ಹತ್ತನೆಯ ಶತಮಾನದ ಕೊನೆಯಲ್ಲಿ ಚಾಳುಕ್ಯ ಸತ್ಯಾಶ್ರಯನ ಆಶ್ರಯದಲ್ಲಿ ಬರೆದ 'ಸಾಹಸಭೀಮವಿಜಯ'ದಲ್ಲಿ ದುರ್ಯೋಧನ ಸಂಜಯನೊಡನೆ ರಣರಂಗವನ್ನು ದಾಟಿ ಹೋಗುತ್ತಾನೆ. ಕಾಲಿಟ್ಟಲ್ಲೆಲ್ಲ ಆನೆಗಳ ಹೆಣ, ರಕ್ತದ ಕೆಸರು. ಅಲ್ಲಿ ಮರುಳುಗಳು ಅವನನ್ನು ತಡೆಯುತ್ತವೆ. ಮರುಳು ಎಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ಪಾಂಡವರಿಗೆ ಪಾಲು ಕೊಡದೆ ಕುಲವನ್ನೆಲ್ಲ ಕೊಲ್ಲಿಸಿದ ನೀನು ಮರುಳೋ, ನಾವು ಮರುಳೋ ಎಂಬುದು ಅವುಗಳ ಪರಿಹಾಸ್ಯದ ಸಾರ. ಅಷ್ಟು ಹೊತ್ತಿನ ತನಕ ಗುರು, ತಂದೆ, ತಾಯಿ ಯಾರೂ ಮುಟ್ಟಿಸಲಾಗದಿದ್ದ ಮಾತನ್ನು ಹೆಣ ತಿನ್ನುವ ಪಿಶಾಚಿ ನಗುತ್ತ ಹೇಳಿಬಿಡುತ್ತದೆ. ಇಲ್ಲಿ ಬೀಭತ್ಸವಿಲ್ಲದಿದ್ದರೆ ಹಾಸ್ಯಕ್ಕೆ ಬೆಲೆಯಿಲ್ಲ. ಹಾಸ್ಯವಿಲ್ಲದಿದ್ದರೆ ಬೀಭತ್ಸ ಬರಿಯ ಹೇಸಿಗೆ. ಕಾವ್ಯವನ್ನು ತರಗತಿಗಳಲ್ಲಿ ಗಂಭೀರ ಮುಖದಿಂದ ಓದಿಸುವ ನಾವು, ಈ ಭಾಗಕ್ಕೆ ಬಂದಾಗ ವಿದ್ಯಾರ್ಥಿಗಳು ನಕ್ಕರೆ ಗದರಿಸದೆ ಇರುವುದು ಒಳ್ಳೆಯದು.

ಶಾಸ್ತ್ರದೊಳಗೆ ಈ ನಗೆಗೆ ಸ್ಥಳವೇ ಇಲ್ಲವೆಂದಲ್ಲ. ಯಾವ ರಸವೇ ಆಗಲಿ ಆಭಾಸವಾದಾಗ ಹಾಸ್ಯಕ್ಕೆ ತಿರುಗುತ್ತದೆ ಎಂಬ ವಿಚಾರ ಅಭಿನವಗುಪ್ತನಲ್ಲಿ ಬರುತ್ತದೆ. ರಕ್ತ ರಕ್ತವಾಗಿ ಕಂಡರೆ ಜುಗುಪ್ಸೆ. ರಕ್ತದ ಆಭಾಸವಾಗಿ, ಅಂದರೆ ಕುಂಕುಮದ ನೀರಾಗಿ, ಸಕ್ಕರೆಪಾಕವಾಗಿ ಕಂಡರೆ ನಗೆ. ಅಗ್ಗದ ಚಿತ್ರಗಳ ಆಕರ್ಷಣೆಯ ಗುಟ್ಟು ಇದೇ ಎಂದು ನನಗೆ ತೋರುತ್ತದೆ. ಅವುಗಳ ಬಡತನ ನಾವು ಕ್ಷಮಿಸಬೇಕಾದ ದೋಷವಲ್ಲ, ರಸಕ್ಕೆ ಕಾರಣವಾದ ಸಾಧನ. ಕೈ ರಬ್ಬರಿನದೆಂದು, ಕರುಳು ಸೀರೆಯೆಂದು ನಮಗೆ ಗೊತ್ತು. ನಮಗೆ ಗೊತ್ತೆಂಬುದು ಆಡುವವನಿಗೂ ಗೊತ್ತು. ಈ ಒಳಒಪ್ಪಂದದಿಂದ ನಾವು ಸಾವಿನ ಮುಂದೆ ಕುಳಿತು ಅದರ ಮುಖವನ್ನು ಬೇಕಾದಷ್ಟು ಹೊತ್ತು ನೋಡುವ ಧೈರ್ಯ ಪಡೆಯುತ್ತೇವೆ. ಮಿತಿಮೀರುವುದೂ ಈ ಒಪ್ಪಂದದ ಒಂದು ಭಾಗವೇ. ಒಂದು ಲೋಟ ರಕ್ತ ಹೆದರಿಸುತ್ತದೆ. ಒಂದು ಹಂಡೆ ರಕ್ತ ನಗಿಸುತ್ತದೆ. ಅಷ್ಟು ರಕ್ತ ಯಾವ ಮನುಷ್ಯನಲ್ಲಿಯೂ ಇಲ್ಲವಲ್ಲ!

ಸಂತೆಯಲ್ಲಿ ಗಾರುಡಿಗನ ಆಟ ನೋಡಿದವರಿಗೆ ಇದು ಹೊಸ ಮಾತಲ್ಲ. ಹುಡುಗನನ್ನು ಬುಟ್ಟಿಯೊಳಗೆ ಕೂಡಿಸಿ ಗಾರುಡಿಗ ಕತ್ತಿ ಚುಚ್ಚುತ್ತಾನೆ. ಕತ್ತಿಯ ತುದಿ ಕೆಂಪಾಗಿ ಹೊರಬರುತ್ತದೆ. ಅವನ ಬಾಯಲ್ಲಿ ಮಾತ್ರ ನಗೆಚಾಟಿಕೆ ನಿಲ್ಲುವುದಿಲ್ಲ. ತೊಗಲುಗೊಂಬೆಯಾಟದ ಕಿಳ್ಳೇಕ್ಯಾತನೂ ಬಂಗಾರಕ್ಕನೂ ಇದೇ ಬಳಗದವರು. ಪರದೆಯ ಒಂದು ಬದಿಯಲ್ಲಿ ರಾಮಾಯಣದ ವೀರರು ಉರುಳುತ್ತಿರುವಾಗ ಈ ವಿಕಾರ ಅಂಗಾಂಗಗಳ ಜೋಡಿ ನಡುವೆ ನುಗ್ಗಿ ಹೊಟ್ಟೆಯ ಮಾತು, ಹಾಸಿಗೆಯ ಮಾತು ಆಡುತ್ತದೆ. 1997ರವರೆಗೆ ರಾಯಚೂರು ಜಿಲ್ಲೆಗೇ ಸೇರಿದ್ದ ಕೊಪ್ಪಳದ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಆ ಗೌರವದಲ್ಲಿ ಕಿಳ್ಳೇಕ್ಯಾತನ ಪಾಲೂ ಇದೆಯೆಂಬುದನ್ನು ಮರೆಯಬಾರದು.

ಈ ಸೀಮೆಯ ಜನ ರಕ್ತ ಕಾಣದೆ ಆಡಿದವರೂ ಅಲ್ಲ. ಎರಡು ನದಿಗಳ ನಡುವಿನ ಈ ನೆಲಕ್ಕಾಗಿ ವಿಜಯನಗರವೂ ದಕ್ಷಿಣದ ಸುಲ್ತಾನರೂ ತಲೆಮಾರುಗಳ ಕಾಲ ಕಾದಿದರು. 1520ರ ರಾಯಚೂರಿನ ಯುದ್ಧ ಅವುಗಳಲ್ಲಿ ಒಂದು. ಬರಗಾಲಗಳನ್ನಂತೂ ಎಣಿಸುವಂತಿಲ್ಲ. ಸಾವನ್ನು ಹತ್ತಿರದಿಂದ ಕಂಡವರು ಅದರೊಡನೆ ಸಲಿಗೆ ವಹಿಸುವುದು ಸಹಜ. ನಗುವ ಮನಸ್ಸು ಮರಗಟ್ಟಿದ ಮನಸ್ಸಲ್ಲ. ಹೆದರಿ ಹೆದರಿ ಸಾಕಾಗಿ, ಒಂದು ರಾತ್ರಿಯಾದರೂ ಸಾವನ್ನು ಗೇಲಿ ಮಾಡಬೇಕೆಂದು ಹಟ ಹಿಡಿದ ಮನಸ್ಸು.

ಹೀಗೆಂದ ಮಾತ್ರಕ್ಕೆ ಕೆಂಪು ನೀರು ಚೆಲ್ಲಿದ್ದೆಲ್ಲ ಒಳ್ಳೆಯ ಕಲೆಯೆಂದು ನಾನು ಹೇಳಲಾರೆ. ಹಿಂದಿಯಲ್ಲಿ ರಾಮ್ಸೆ ಸಹೋದರರು 1972ರ 'ದೋ ಗಜ್ ಜಮೀನ್ ಕೆ ನೀಚೆ'ಯಿಂದ ಮೊದಲಾಗಿ ಎಷ್ಟೋ ಅಗ್ಗದ ಭಯಚಿತ್ರಗಳನ್ನು ತೆಗೆದರು. 1984ರ 'ಪುರಾನಾ ಮಂದಿರ್' ನೋಡಿ. ಒಂದು ಕಡೆ ದೆವ್ವ. ಇನ್ನೊಂದು ಕಡೆ ಜಗದೀಪ್ ನಡೆಸುವ 'ಶೋಲೆ' ಚಿತ್ರದ ಅಣಕ. ಎರಡೂ ಅಕ್ಕಪಕ್ಕದ ಮನೆಯವರಂತೆ ಬೇರೆಬೇರೆಯಾಗಿ ಬದುಕುತ್ತವೆ, ಒಂದರ ಮಾತು ಇನ್ನೊಂದಕ್ಕೆ ಕೇಳಿಸುವುದಿಲ್ಲ. ನಗೆ ಭಯವನ್ನು ಮುಟ್ಟುವುದಿಲ್ಲವಾದ್ದರಿಂದ ಭಯ ಬೆಳೆಯುವುದೂ ಇಲ್ಲ. ಅಲ್ಲದೆ ದೆವ್ವ ಬರುವ ಮುನ್ನ ಹೆಣ್ಣನ್ನು ಸ್ನಾನದ ನೀರಿನಲ್ಲಿ ನಿಲ್ಲಿಸಿ ತೋರಿಸುವ ಅವರ ಚಾಳಿಯಿಂದ ನೋಡುವವನಿಗೆ ನಗೆಯ ಬದಲು ಸಣ್ಣತನ ಅಂಟುತ್ತದೆ. ಇದಕ್ಕೆ ಎದುರಾಗಿ ಜಾಕ್ಸನ್ನನ 1992ರ 'ಬ್ರೈನ್ ಡೆಡ್' ಇಡಬಹುದು. ಹುಲ್ಲು ಕತ್ತರಿಸುವ ಯಂತ್ರವನ್ನು ಎದೆಗೆ ಹಿಡಿದು ನಾಯಕ ಒಂದು ಮನೆ ತುಂಬ ಪ್ರೇತಗಳನ್ನು ಕೊಚ್ಚಿಹಾಕುವ ಕತೆ ಅದು. ರಕ್ತಕ್ಕೆ ಮಿತಿಯೇ ಇಲ್ಲ. ಆದರೆ ತಳದಲ್ಲಿರುವುದು ತಾಯಿಯ ದಬ್ಬಾಳಿಕೆಯಲ್ಲಿ ಬೆಳೆದು ಮೈಬಿಚ್ಚಲಾಗದ ಒಬ್ಬ ಮಗನ ಕಷ್ಟ. ಕೊನೆಯಲ್ಲಿ ಪರ್ವತದಂತೆ ಬೆಳೆದ ತಾಯಿ ಮಗನನ್ನು ಮತ್ತೆ ತನ್ನ ಬಸಿರೊಳಕ್ಕೆ ಸೆಳೆದುಕೊಳ್ಳುತ್ತಾಳೆ. ಅವನು ಅದನ್ನು ಸೀಳಿಕೊಂಡು ಹೊರಬರುತ್ತಾನೆ. ಅಸಹ್ಯವಾದ ದೃಶ್ಯ, ಒಪ್ಪುತ್ತೇನೆ. ಆದರೆ ಅದು ಹೇಳುವ ಸತ್ಯವನ್ನು ಸಭ್ಯವಾದ ನೂರು ಕೌಟುಂಬಿಕ ಚಿತ್ರಗಳು ಹೇಳಿಲ್ಲ.

ಕನ್ನಡ ಚಿತ್ರರಂಗದ ದೆವ್ವಗಳು ಬಹುಮಟ್ಟಿಗೆ ಮಾನವಂತರು. 1979ರ 'ನಾ ನಿನ್ನ ಬಿಡಲಾರೆ'ಯ ಪ್ರೇತ ಜನರನ್ನು ನಿಜವಾಗಿಯೂ ಹೆದರಿಸಿತು. ಅದರ ಪರಿಹಾರವಿದ್ದದ್ದು ರಾಯಚೂರಿನಿಂದ ಹೊಳೆ ದಾಟಿದರೆ ಸಿಗುವ ಮಂತ್ರಾಲಯದ ರಾಯರ ಸನ್ನಿಧಿಯಲ್ಲಿ. ಅಲ್ಲಿ ನಗೆಗೆ ಎಡೆಯಿರಲಿಲ್ಲ, ಬೇಕಾಗಿಯೂ ಇರಲಿಲ್ಲ. 2025ರಲ್ಲಿ ಜೆ. ಪಿ. ತುಮಿನಾಡ್ ನಿರ್ದೇಶಿಸಿದ 'ಸು ಫ್ರಮ್ ಸೋ' ದೊಡ್ಡ ತಾರೆಯರಿಲ್ಲದೆ, ದೊಡ್ಡ ಖರ್ಚಿಲ್ಲದೆ ಕರಾವಳಿಯ ಹಳ್ಳಿಯೊಂದರ ಹುಸಿ ದೆವ್ವದ ಕತೆ ಹೇಳಿ ಇಡೀ ನಾಡನ್ನು ನಗಿಸಿತು. ನಗೆಯ ಕೊನೆಗೆ ಒಬ್ಬ ನಿಜವಾದ ಹೆಣ್ಣಿನ ಸಂಕಟವನ್ನು ತಂದು ನಿಲ್ಲಿಸಿದ್ದು ಅದರ ಹೆಚ್ಚುಗಾರಿಕೆ. ನಮ್ಮ ಹಳ್ಳಿಯ ಅಟ್ಟದ ಮೇಲೆ ದ್ರೌಪದಿ ಬಂದು ನಿಂತದ್ದೂ ಹೀಗೆಯೇ. ರಕ್ತವೊಂದು ಮಾತ್ರ ಇರಲಿಲ್ಲ. ದುಶ್ಶಾಸನನ ಕರುಳನ್ನು ಊರ ನಡುವೆ ಎಳೆದ ಜನಕ್ಕೆ ತೆರೆಯ ಮೇಲೆ ಅದನ್ನು ಎಳೆಯಲು ಇಷ್ಟು ಸಂಕೋಚವೇಕೋ!

ಕೊನೆಯದಾಗಿ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕು. ಇಂಥವನ್ನು ನೋಡಿ ನೋಡಿ ಎಳೆಯರ ಮನಸ್ಸು ಕಲ್ಲಾಗುವುದಿಲ್ಲವೇ? ಇದನ್ನು ಲಘುವಾಗಿ ತೆಗೆದುಹಾಕುವಂತಿಲ್ಲ. ಆದರೆ ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಮರುದಿನ ಕಂಡದ್ದನ್ನು ಹೇಳುತ್ತೇನೆ. ಪಕ್ಕದಲ್ಲಿ ಕುಳಿತಿದ್ದವರು ಇಸ್ತ್ರಿ ಮಾಡಿದ ಅಂಗಿಯ ಸಭ್ಯ ಗೃಹಸ್ಥರು. ಅವರ ಮೊಬೈಲಿನಲ್ಲಿ ಯಾರೋ ಕಳಿಸಿದ ಒಂದು ಅಪಘಾತದ ಚಿತ್ರ ಓಡುತ್ತಿತ್ತು. ಲಾರಿಯ ಕೆಳಗೆ ಒಬ್ಬ ಮನುಷ್ಯ. ನಿಜವಾದ ಮನುಷ್ಯ, ನಿಜವಾದ ರಕ್ತ. ಅವರು ಅದನ್ನು ಎರಡು ಸಲ ನೋಡಿದರು, ಇನ್ನಾರಿಗೋ ಕಳಿಸಿದರು, ಅನಂತರ ಕಿಸೆಯಿಂದ ಅಡಕೆ ತೆಗೆದು ಬಾಯಿಗೆ ಹಾಕಿಕೊಂಡರು. ನಗಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ನಾನು ಹೆದರುವುದು ಆ ಮುಖಕ್ಕೆ. ಅಲ್ಲಿ ಒಪ್ಪಂದವಿಲ್ಲ, ಸೀರೆಯ ಮಾತಾಡುವ ದುಶ್ಶಾಸನನಿಲ್ಲ, ಸತ್ತವನು ಎದ್ದು ಕೂಡುವುದಿಲ್ಲ. ಆ ನೋಟಕ್ಕೆ ಸಭ್ಯತೆಯ ಅಡ್ಡಿಯೇನೂ ಬರಲಿಲ್ಲ. ನಮ್ಮ ಸಭ್ಯತೆ ಅಡ್ಡಬರುವುದೆಲ್ಲ ಕುಂಕುಮದ ನೀರಿಗೆ. ಹುಸಿ ರಕ್ತಕ್ಕೆ ನಕ್ಕು ಅಭ್ಯಾಸವಾದವನು ನಿಜವಾದ ರಕ್ತವನ್ನು ಕಂಡಾಗ ಇದು ಆಟವಲ್ಲ ಎಂದು ಬೆಚ್ಚಬಲ್ಲ. ಏಕೆಂದರೆ ಆಟ ಹೇಗಿರುತ್ತದೆಂದು ಅವನು ಬಲ್ಲ. ನನ್ನ ಸೋದರಳಿಯನಿಗೂ ಅಂಥ ಚಿತ್ರಗಳು ಬರುತ್ತವಂತೆ. "ಅವನ್ನ ನಾ ನೋಡಂಗಿಲ್ಲ, ಮಾಮಾ. ಅವು ಪಿಚ್ಚರ್ ಅಲ್ಲಲ್ಲ" ಎಂದ. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಆ ಬಯಲಾಟದ ಮರುದಿನದ ಬೆಳಗು ನನಗೆ ಇಂದಿಗೂ ನೆನಪಿದೆ. ಅಜ್ಜಿ ಏನೋ ತರಲು ಹೇಳಿದಳೆಂದು ಸಿಂಪಿಗರ ಓಣಿಗೆ ಹೋಗಿದ್ದೆ. ಅವರ ಮನೆಯ ಮುಂದೆ ಹಗ್ಗದ ಮೇಲೆ ಆ ಸೀರೆ ಒಣಗುತ್ತಿತ್ತು. ಎಷ್ಟು ಒಗೆದರೂ ಹೋಗದ ಕುಂಕುಮ ಅಂಚಿನಲ್ಲಿ ಉಳಿದಿತ್ತು. ಸೆರಗಿನ ಹತ್ತಿರ ಒಂದು ಗೇಣು ಹರಿದಿತ್ತು. ಒಳಗೆ ದುಶ್ಶಾಸನ ಕಣ್ಣುಜ್ಜಿಕೊಳ್ಳುತ್ತ ಹೊಲಿಗೆಯಂತ್ರದ ಮುಂದೆ ಕುಳಿತಿದ್ದ. ಅವನು ಬದುಕಿದ್ದಾನೆಂದು ನನಗೆ ಗೊತ್ತೇ ಇತ್ತು. ಆದರೂ ಕಣ್ಣಾರೆ ಕಂಡಾಗ ಮನಸ್ಸಿಗೆ ಎಷ್ಟೋ ಸಮಾಧಾನವಾಯಿತು.